ನೆಂಟರ ಊರಿನಲ್ಲೊಂದು ಡಯಾಲಿಸಿಸ್ ಹಾಸಿಗೆ

ಲಗ್ನಪತ್ರಿಕೆ ಕೈಗೆ ಬಂದರೆ ಹುಡುಗ ಯಾರ ಪೈಕಿ, ಛತ್ರ ಎಲ್ಲಿ ಎಂದು ನೋಡುವುದು ರೂಢಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿರುವ ಮನೆಯಲ್ಲಿ ಮೊದಲು ನೋಡುವುದು ವಾರವನ್ನು. ಹಾಸನದಲ್ಲಿ ಮಂಗಳವಾರ, ಗುರುವಾರ, ಶನಿವಾರ ಮಷಿನ್ನಿಗೆ ಹಾಕಿಸಿಕೊಳ್ಳುವ ಒಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ತಂಗಿಯ ಮಗಳ ಮದುವೆ ಶಿವಮೊಗ್ಗದಲ್ಲಿ. ಶನಿವಾರ ಸಂಜೆ ವರಪೂಜೆ, ಭಾನುವಾರ ಧಾರೆ, ಸೋಮವಾರ ಬೀಗರ ಔತಣ. ಶನಿವಾರದ ಸರದಿ ಮುಗಿಸಿ ಹೊರಟರೆ ಸುಸ್ತಿನಲ್ಲಿ ದಾರಿಯುದ್ದಕ್ಕೂ ನಿದ್ದೆ. ವರಪೂಜೆಗೇ ಇರಬೇಕೆಂದರೆ ಶನಿವಾರದ ಸರದಿ ತಪ್ಪುತ್ತದೆ. ಸೋದರಮಾವನೇ ಇಲ್ಲದ ಮದುವೆ ಎಂಥದ್ದು ಎಂದು ತಂಗಿ ಫೋನಿನಲ್ಲಿ ಅಳುತ್ತಾಳೆ. ಕೊನೆಗೆ ಮನೆಯವರೆಲ್ಲ ಕೂತು ಒಂದು ತೀರ್ಮಾನಕ್ಕೆ ಬರುತ್ತಾರೆ: ‘ನೀವು ಮನೇಲೇ ಇರಿ, ನಾವು ಹೋಗಿ ಬರ್ತೀವಿ.’

ಈ ಒಂದು ಮಾತು ಕರ್ನಾಟಕದ ಎಷ್ಟು ಮನೆಗಳಲ್ಲಿ ಎಷ್ಟು ಸಲ ಕೇಳಿಸುತ್ತದೋ. ಕಾಯಿಲೆ ಅವರನ್ನು ಮನೆಯಲ್ಲಿ ಕೂರಿಸಿತು ಎನ್ನುವುದು ಅರ್ಧ ಸತ್ಯ. ಶಿವಮೊಗ್ಗದಲ್ಲಿ ಡಯಾಲಿಸಿಸ್ ಯಂತ್ರಗಳಿಲ್ಲವೆ? ಇವೆ. ಹಾಸನದಲ್ಲಿರುವಂಥವೇ ಇವೆ. ಆದರೆ ಅಲ್ಲಿನ ಹಾಸಿಗೆಗಳು ಅಲ್ಲಿಯವರ ಪಟ್ಟಿಗೆ ಸೇರಿದವು, ಇಲ್ಲಿನವು ಇಲ್ಲಿಯವರ ಪಟ್ಟಿಗೆ. ನೆಂಟನಾಗಿ ಹೋದವನಿಗೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ.

ಒಂದು ಸರದಿ ಬಿಟ್ಟರೇನು ಎಂದು ಆರೋಗ್ಯವಂತರು ಸುಲಭವಾಗಿ ಕೇಳಿಬಿಡುತ್ತಾರೆ. ಮೂತ್ರಪಿಂಡ ವಾರದ 168 ಗಂಟೆಯೂ ಬಿಡುವಿಲ್ಲದೆ ಮಾಡುವ ಕೆಲಸವನ್ನು ಯಂತ್ರ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯಂತೆ, ಹನ್ನೆರಡು ಗಂಟೆಯಲ್ಲಿ ಮಾಡಬೇಕು. ನಮ್ಮಲ್ಲಿ ಖರ್ಚು ತೂಗಿಸಲಾಗದೆ ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರು ಬೇಕಾದಷ್ಟಿದ್ದಾರೆ. ಅವರದು ಎಂಟೇ ಗಂಟೆ. ಉಳಿದ ಹೊತ್ತೆಲ್ಲ ನೀರು, ಪೊಟ್ಯಾಸಿಯಂ, ಕಶ್ಮಲ ಒಳಗೇ ಕೂಡಿಕೊಳ್ಳುತ್ತಿರುತ್ತವೆ. 2011ರಲ್ಲಿ ಅಮೆರಿಕದ 32,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಜಾಲಾಡಿದ ಅಧ್ಯಯನವೊಂದು ಪ್ರಕಟವಾಯಿತು. ವಾರಕ್ಕೆ ಮೂರು ಸರದಿ ತಪ್ಪದೆ ಮಾಡಿಸಿಕೊಳ್ಳುವವರಲ್ಲೂ ವಾರಾಂತ್ಯದ ಆ ಎರಡು ದಿನದ ಬಿಡುವು ಕಳೆದ ಮರುದಿನವೇ ಸಾವು, ಹೃದಯಾಘಾತ ಹೆಚ್ಚು ಎಂದು ಅದು ತೋರಿಸಿತು. ಒಂದು ದಿನ ಹೆಚ್ಚಾದರೇ ಹೀಗೆ. ಇನ್ನು ಮದುವೆಮನೆಯ ಊಟ, ಮೇಲಿಂದ ಮಜ್ಜಿಗೆ, ‘ಸುಸ್ತಾಗಿದೀರಿ, ಎಳನೀರಾದ್ರೂ ಕುಡೀರಿ’ ಎನ್ನುವ ಉಪಚಾರ. ಎಳನೀರಿನ ತುಂಬ ಪೊಟ್ಯಾಸಿಯಂ. ಮೂತ್ರಪಿಂಡ ಕೆಟ್ಟವರಿಗೆ ಅದು ಎದೆಬಡಿತವನ್ನೇ ನಿಲ್ಲಿಸಬಲ್ಲ ಪಾನೀಯ ಎಂದು ಛತ್ರದಲ್ಲಿ ನಿಂತು ಯಾರಿಗೆ ವಿವರಿಸುವುದು?

ಹಾಗಾಗಿ ಹೋಗಲೇಬೇಕೆಂದರೆ ಆ ಊರಿನಲ್ಲೇ ಒಂದು ಸರದಿ ಹಿಡಿಯಬೇಕು. ಅಲ್ಲಿಂದ ಫೋನ್ ಪರ್ವ ಶುರು. ಸರ್ಕಾರಿ ಆಸ್ಪತ್ರೆಯವರು ‘ನಮ್ಮೋರಿಗೇ ವೇಟಿಂಗ್ ಲಿಸ್ಟ್ ಇದೆ’ ಎನ್ನುತ್ತಾರೆ. ಖಾಸಗಿಯವರು ಸ್ಲಾಟ್ ಇದೆ ಎಂದರೂ ಕಾಗದಗಳ ಪಟ್ಟಿ ಹೇಳುತ್ತಾರೆ: ಹಿಂದಿನ ಎರಡು ಮೂರು ಸರದಿಗಳ ಚಾರ್ಟ್, ಡ್ರೈ ವೇಟ್ ಎಷ್ಟು, ಹೆಪಾರಿನ್ ಎಷ್ಟು ಕೊಡುತ್ತಾರೆ, ಕೈಯಲ್ಲಿ ಫಿಸ್ಟುಲಾ ಇದೆಯೋ ಕುತ್ತಿಗೆಯಲ್ಲಿ ಕ್ಯಾಥೆಟರ್ ಇದೆಯೋ, ಯಾವ ಔಷಧಿಗೆ ಅಲರ್ಜಿ, ಎಲ್ಲಕ್ಕಿಂತ ಮುಖ್ಯವಾಗಿ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ವರದಿ. ಈ ವರದಿ ಒಂದು ಕಡೆ ಮೂರು ತಿಂಗಳೊಳಗಿನದಾದರೆ ಸಾಕು, ಇನ್ನೊಂದು ಕಡೆ ತಿಂಗಳೊಳಗಿನದೇ ಆಗಬೇಕು. ಕೇಂದ್ರಕ್ಕೊಂದು ಕಾನೂನು.

ಕೇಳುವುದು ತಪ್ಪಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕಿರಬಲ್ಲದು. ಅದಕ್ಕೇ ಸೋಂಕಿದ್ದವರಿಗೆ ಯಂತ್ರವೇ ಬೇರೆ, ಕೋಣೆಯೇ ಬೇರೆ. ಪರವೂರಿನಿಂದ ಬಂದವನ ರಕ್ತದಲ್ಲಿ ಏನಿದೆ ಎಂದು ತಿಳಿಯದೆ ಅವನನ್ನು ಇತರರ ನಡುವೆ ಮಲಗಿಸಿದರೆ ಆ ಕೇಂದ್ರದ ಖಾಯಂ ರೋಗಿಗಳು ಬೆಲೆ ತೆರಬೇಕಾದೀತು. ಹೋದವನ ಭಯವೂ ಅದೇ, ತಿರುಗುಮುರುಗಾಗಿ. ಇವರ ಯಂತ್ರ ಎಷ್ಟು ಶುದ್ಧ? ಇವರ ನೀರು ಎಂಥದು?

ನೀರಿನ ಮಾತು ಬಂದದ್ದರಿಂದ ಇದನ್ನು ಹೇಳಬೇಕು. ನಾಲ್ಕು ಗಂಟೆಯ ಒಂದು ಸರದಿಯಲ್ಲಿ ಸುಮಾರು 120 ಲೀಟರ್ ನೀರು ರೋಗಿಯ ರಕ್ತದ ಪಕ್ಕದಲ್ಲೇ, ಕೂದಲಿಗಿಂತ ತೆಳುವಾದ ಪೊರೆಯ ಆಚೆ ಹರಿದುಹೋಗುತ್ತದೆ. ನಾವು ಕುಡಿಯುವ ನೀರನ್ನು ಹೊಟ್ಟೆ, ಕರುಳು, ಯಕೃತ್ತು ಸೋಸುತ್ತವೆ. ಈ ನೀರಿಗೆ ಅಂಥ ಕಾವಲುಗಾರರಿಲ್ಲ. ಆರ್‌ಒ ಘಟಕವೊಂದೇ ಗತಿ. 1996ರಲ್ಲಿ ಬ್ರೆಜಿಲ್‌ನ ಕರುವಾರು ಪಟ್ಟಣದ ಡಯಾಲಿಸಿಸ್ ಕೇಂದ್ರಕ್ಕೆ ಸರಿಯಾಗಿ ಶುದ್ಧೀಕರಿಸದ ಜಲಾಶಯದ ನೀರು ಟ್ಯಾಂಕರಿನಲ್ಲಿ ಬಂತು. ಜಲಾಶಯದಲ್ಲಿ ಬೆಳೆದಿದ್ದ ನೀಲಿ-ಹಸಿರು ಪಾಚಿಯ ವಿಷ ಆ ನೀರಿನಲ್ಲಿತ್ತು. ಯಕೃತ್ತು ಕೆಟ್ಟು ಐವತ್ತಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಬೇಸಿಗೆಯಲ್ಲಿ ಟ್ಯಾಂಕರ್ ನೀರನ್ನೇ ನಂಬಿ ನಡೆಯುವ ನಮ್ಮ ಊರುಗಳ ಕೇಂದ್ರಗಳಲ್ಲಿ ನೀರಿನ ಪರೀಕ್ಷೆಯ ವರದಿಯನ್ನು ಗೋಡೆಗೆ ಅಂಟಿಸಿಡಬೇಕೆಂದು ಕೇಳುವುದು ಅಧಿಕಪ್ರಸಂಗವಲ್ಲ. ಹೋಟೆಲಿನವರು ತಿಂಡಿಯ ದರವನ್ನು ಹಾಕುವುದಿಲ್ಲವೆ, ಹಾಗೆ.

ಸರಿ, ಸ್ಲಾಟ್ ಸಿಕ್ಕಿತು ಎನ್ನೋಣ. ಬೆಳಿಗ್ಗೆ ಆರೂವರೆಗೆ ಬನ್ನಿ ಎಂದಿದ್ದಾರೆ. ಒಳಗೆ ಹೋಗುತ್ತಲೇ ತೂಕದ ಯಂತ್ರ. ಊರಿನ ಕೇಂದ್ರದ ತಕ್ಕಡಿಯಲ್ಲಿ 58 ತೋರಿಸುವವರು ಇಲ್ಲಿ 59 ತೂಗುತ್ತಾರೆ. ಆ ಒಂದು ಕಿಲೋ ನೀರೋ, ತಕ್ಕಡಿಯ ಹುಸಿಯೋ? ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕವೇ ಡ್ರೈ ವೇಟ್. ಎಷ್ಟು ನೀರು ತೆಗೆಯಬೇಕೆಂಬ ಲೆಕ್ಕ ನಿಂತಿರುವುದೇ ಅದರ ಮೇಲೆ. ಒಂದು ಲೀಟರ್ ಜಾಸ್ತಿ ಎಳೆದರೆ ಮೂರನೇ ಗಂಟೆಗೆ ಬಿ.ಪಿ. ಕುಸಿಯುತ್ತದೆ, ಮೀನಖಂಡ ಸೆಟೆದುಕೊಳ್ಳುತ್ತದೆ. ಕಮ್ಮಿ ಎಳೆದರೆ ರಾತ್ರಿ ಮಲಗಿದಾಗ ಉಬ್ಬಸ. ಅನುಭವಸ್ಥರು ಪ್ರಯಾಣಕ್ಕೆ ಹೊರಡುವ ಹಿಂದಿನ ಸರದಿ ಮುಗಿದಾಗ ತಮ್ಮ ಕೇಂದ್ರದಲ್ಲಿ ತೂಗಿಸಿಕೊಂಡು, ಮನೆಗೆ ಬಂದು ಸಣ್ಣ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿಕೊಂಡು, ಅದನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತಾರೆ. ಬಟ್ಟೆಯೂ ಅದೇ ಇರಲಿ, ಜೇಬಿನ ಮೊಬೈಲ್ ತೆಗೆದಿಡಿ ಎಂಬಷ್ಟು ನಾಜೂಕು.

ಆಮೇಲೆ ಕೈ. ಮುಂಗೈಯಲ್ಲಿ ಅಪಧಮನಿಗೂ ಅಭಿಧಮನಿಗೂ ಹೊಲಿಗೆ ಹಾಕಿ ಮಾಡುವ ಫಿಸ್ಟುಲಾವನ್ನು ನ್ಯೂಯಾರ್ಕಿನ ವೈದ್ಯರಾದ ಸಿಮಿನೊ ಮತ್ತು ಬ್ರೆಶಿಯಾ 1966ರಲ್ಲಿ ಜಗತ್ತಿಗೆ ಪರಿಚಯಿಸಿದರು. ಇವತ್ತಿಗೂ ಅದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ. ಅದರ ಮೇಲೆ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಕಂಪನ. ಊರಿನ ಟೆಕ್ನಿಷಿಯನ್‌ಗೆ ಆ ಕೈ ತನ್ನ ಅಂಗೈಯಷ್ಟೇ ಪರಿಚಿತ: ಮೇಲಿನದು ಕೊಂಚ ಓರೆ, ಕೆಳಗಿನ ಕಡೆ ಹಳೆಯ ಗಂಟಿದೆ, ಅದನ್ನು ಬಿಟ್ಟು ಚುಚ್ಚಬೇಕು. ಪರವೂರಿನ ಹುಡುಗನಿಗೆ ಅದು ಹೊಸ ಊರಿನ ಗಲ್ಲಿ. ಅವನು ಬೆರಳಿಂದ ಒತ್ತಿ ಒತ್ತಿ ನೋಡುತ್ತಾನೆ, ಮುಖ ನೋಡುತ್ತಾನೆ, ಮತ್ತೆ ಒತ್ತುತ್ತಾನೆ. ಸೂಜಿಯೇನು ಸಾಮಾನ್ಯದ್ದಲ್ಲ, ರಕ್ತದಾನದ ಸೂಜಿಯಷ್ಟು ದಪ್ಪ, ಅದೂ ಎರಡು. ಒಂದು ಸಲ ದಾರಿ ತಪ್ಪಿದರೆ ಕ್ಷಣದಲ್ಲಿ ಕೈ ಊದಿ ನೀಲಿಗಟ್ಟುತ್ತದೆ, ಆ ದಿನದ ಸರದಿಯೇ ಹೋಯಿತು. ‘ಇಲ್ಲಿ ಚುಚ್ಚಪ್ಪ, ಅಲ್ಲಿ ಬೇಡ’ ಎಂದು ಹೇಳಬಲ್ಲ ರೋಗಿ ಗೆಲ್ಲುತ್ತಾನೆ. ದಾಕ್ಷಿಣ್ಯದ ರೋಗಿ ಸುಮ್ಮನಿರುತ್ತಾನೆ. ನಮ್ಮಲ್ಲಿ ದಾಕ್ಷಿಣ್ಯದವರೇ ಜಾಸ್ತಿ.

ತುಸು ಬೇರೆ ಮಾತು. ಡಯಾಲಿಸಿಸ್ ರೋಗಿಯ ಓಡಾಟ ಈ ದೇಶದಲ್ಲಿ ಒಮ್ಮೆ ಸಾರ್ವಜನಿಕ ವಿಷಯವೇ ಆಗಿತ್ತು. ತುರ್ತು ಪರಿಸ್ಥಿತಿಯ ಸೆರೆಯಿಂದ 1975ರ ನವೆಂಬರಿನಲ್ಲಿ ಬಿಡುಗಡೆಯಾದ ಜಯಪ್ರಕಾಶ ನಾರಾಯಣರ ಮೂತ್ರಪಿಂಡಗಳು ಕೈಕೊಟ್ಟಿದ್ದು ಮುಂಬೈಯ ಜಸ್ಲೋಕ್ ಆಸ್ಪತ್ರೆಯಲ್ಲಿ ತಿಳಿಯಿತು. ಅವರಿಗೊಂದು ಡಯಾಲಿಸಿಸ್ ಯಂತ್ರ ಕೊಡಿಸಲು ಜನ ಪುಡಿಗಾಸು ಕೂಡಿಸಿದರು. ಪ್ರಧಾನಿ ಪರಿಹಾರ ನಿಧಿಯಿಂದ ಇಂದಿರಾ ಗಾಂಧಿ ಕಳಿಸಿದ 90,000 ರೂಪಾಯಿಯನ್ನು ಜೆ.ಪಿ. ವಾಪಸು ಮಾಡಿದರು. ಆಸ್ಪತ್ರೆಗೇ ಅಂಟಿಕೊಂಡಿರಬೇಕಾಗಿದ್ದ ಮನುಷ್ಯ ಪಟ್ನಾದ ತಮ್ಮ ಮನೆಗೆ ಮರಳಿದರು. 1979ರ ಅಕ್ಟೋಬರ್ 8ರಂದು ತೀರಿಕೊಂಡದ್ದೂ ಅಲ್ಲೇ. ಯಂತ್ರ ಅವರ ಜೊತೆಗಿತ್ತು, ಅದಕ್ಕೇ ಅವರು ಊರಿಗೆ ಹೋದರು. ಲೋಕನಾಯಕರಲ್ಲದವರಿಗೆ ಯಂತ್ರ ಹಿಂಬಾಲಿಸಿ ಬರುವುದಿಲ್ಲ. ಅವರೇ ಯಂತ್ರವಿರುವ ಕಡೆ ಹೋಗಬೇಕು.

ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಯಂತ್ರದ ಹಂಗಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ ಎರಡೆರಡು ಲೀಟರಿನ ಚೀಲ ಬದಲಿಸುವವರಿಗೆ ವಾರಕ್ಕೆ ಬೇಕಾಗುವ ದ್ರವದ ತೂಕವೇ 56 ಕಿಲೋ ದಾಟುತ್ತದೆ. ಬಸ್ಸಿನ ಡಿಕ್ಕಿಯಲ್ಲಿ ಅಷ್ಟು ಹೇರಿಕೊಂಡು ಹೋಗುವುದು, ಛತ್ರದ ಯಾವುದೋ ಕೋಣೆಯಲ್ಲಿ ಫ್ಯಾನ್ ಆರಿಸಿ, ಬಾಗಿಲು ಹಾಕಿ, ಕೈ ತೊಳೆದು ಚೀಲ ಬದಲಿಸುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಅದೂ ಅಲ್ಲದೆ ನಮ್ಮ ದೇಶದಲ್ಲಿ ಬಹುಪಾಲು ರೋಗಿಗಳು ಯಂತ್ರದ ಮೇಲೇ ಇರುವವರು.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2016ರ ಬಜೆಟ್ ಭಾಷಣದಲ್ಲಿ ಅರುಣ್ ಜೇಟ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದರು. ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು, 3.4 ಕೋಟಿ ಹೆಚ್ಚುವರಿ ಸರದಿಗಳ ಬೇಡಿಕೆ, ಇರುವ ಸುಮಾರು 4,950 ಕೇಂದ್ರಗಳಲ್ಲಿ ಹೆಚ್ಚಿನವು ಖಾಸಗಿ, ಅವೂ ದೊಡ್ಡ ಊರುಗಳಲ್ಲೇ ಎಂದು ಅವರು ಅಂದು ಲೆಕ್ಕ ಕೊಟ್ಟಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಸ್ವತಃ ಜೇಟ್ಲಿಯವರೇ ಡಯಾಲಿಸಿಸ್ ಹಾಸಿಗೆಯ ಮೇಲಿದ್ದರು. 2018ರ ಮೇ ತಿಂಗಳಲ್ಲಿ ದೆಹಲಿಯ ಏಮ್ಸ್‌ನಲ್ಲಿ ಅವರಿಗೆ ಮೂತ್ರಪಿಂಡ ಕಸಿಯಾಯಿತು. ಆ ಕಾರ್ಯಕ್ರಮದಡಿ ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ, ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾವಿರಾರು ಯಂತ್ರಗಳು ಓಡುತ್ತಿವೆ, ಬಡವರಿಗೆ ಉಚಿತ. ‘ಒಂದು ದೇಶ, ಒಂದು ಡಯಾಲಿಸಿಸ್’ ಎಂಬ ಹೆಸರಿನಲ್ಲಿ ಎಲ್ಲ ಕೇಂದ್ರಗಳನ್ನೂ ಒಂದೇ ಪೋರ್ಟಲ್‌ಗೆ ಜೋಡಿಸಿ, ರೋಗಿ ಎಲ್ಲಿ ಹೋದರೂ ಸೇವೆ ಸಿಗುವಂತೆ ಮಾಡುವ ಯೋಜನೆಯನ್ನೂ ಕೇಂದ್ರ ಸರ್ಕಾರ ಪ್ರಕಟಿಸಿದೆ.

ಹೆಸರೇನೋ ಚೆನ್ನಾಗಿದೆ. ಆದರೆ ಪೋರ್ಟಲ್‌ನಲ್ಲಿ ರೋಗಿಯ ಗುರುತು ಸಿಕ್ಕಿದ ಮಾತ್ರಕ್ಕೆ ಹಾಸಿಗೆ ಖಾಲಿಯಾಗುವುದಿಲ್ಲ. ಕೇಂದ್ರದ ಮೇಲ್ವಿಚಾರಕರ ಟೇಬಲ್ ಮೇಲಿರುವ ರಿಜಿಸ್ಟರಿನಲ್ಲಿ ಮೂರು ಶಿಫ್ಟೂ ತುಂಬಿದ್ದರೆ ಅವರು ಬಂದವರನ್ನು ವಾಪಸು ಕಳಿಸುತ್ತಾರೆ. ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಇಲ್ಲಿ ಸಾಮಾನ್ಯವಾಗಿ ಒಂದು ಆಕ್ಷೇಪ ಬರುತ್ತದೆ: ಕಾಯುವವರ ಸಾಲೇ ಇರುವಾಗ ಮದುವೆಗೆ ಬಂದವರಿಗೆ, ತೀರ್ಥಯಾತ್ರೆಗೆ ಬಂದವರಿಗೆ ಹಾಸಿಗೆ ಕಾದಿರಿಸಬೇಕೆ?

ಆಕ್ಷೇಪ ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಹಾಸನದವರು ಶಿವಮೊಗ್ಗದಲ್ಲಿ ಮಲಗಿದ ದಿನ ಹಾಸನದಲ್ಲಿ ಅವರ ಹಾಸಿಗೆ ಖಾಲಿ. ಅದೇ ವಾರ ಮೈಸೂರಿನ ಇನ್ನೊಬ್ಬರು ಹಾಸನಕ್ಕೆ ತಿಥಿಗೆ ಬಂದಿದ್ದರೆ ಆ ಹಾಸಿಗೆ ಅವರದು. ರಾಜ್ಯದ ಒಟ್ಟು ಸರದಿಗಳಲ್ಲಿ ಒಂದೂ ಹೆಚ್ಚುವುದಿಲ್ಲ, ಜಾಗ ಮಾತ್ರ ಬದಲಾಗುತ್ತದೆ. ಹೊರಡುವವರು ನಾಲ್ಕು ದಿನ ಮುಂಚೆ ತಮ್ಮ ಸರದಿಯನ್ನು ಬಿಟ್ಟುಕೊಟ್ಟರೆ ಖಾಲಿಯಾದದ್ದು ಎಲ್ಲ ಕೇಂದ್ರಗಳಿಗೂ ಕಾಣಬೇಕು, ಅಷ್ಟೆ. ಬಸ್ಸಿನ ಸೀಟು ರದ್ದು ಮಾಡಿದರೆ ಇನ್ನೊಬ್ಬರ ಮೊಬೈಲಿನಲ್ಲಿ ಅದು ಕಾಣುವಂತೆ ಮಾಡಲು ಗೊತ್ತಿರುವ ರಾಜ್ಯಕ್ಕೆ ಇದೇನು ದೊಡ್ಡ ವಿದ್ಯೆಯಲ್ಲ. ಧರ್ಮಸ್ಥಳದ ಹತ್ತಿರದ ಬೆಳ್ತಂಗಡಿಯಂಥ ಕಡೆ, ಯಾತ್ರಿಕರು ಬಂದೇ ಬರುವ ಕಡೆ, ದಿನಕ್ಕೊಂದು ಸರದಿಯನ್ನು ಪರವೂರಿನವರಿಗೆಂದೇ ಇಟ್ಟು, ಹಿಂದಿನ ಸಂಜೆಯವರೆಗೂ ಯಾರೂ ಕೇಳದಿದ್ದರೆ ಸ್ಥಳೀಯರಿಗೆ ಕೊಟ್ಟರಾಯಿತು.

ಇದಕ್ಕೆ ಅಡ್ಡಿಯಾಗಿದ್ದ ಒಂದು ವಿಷಯ ಈಚೆಗೆ ತಾನಾಗಿಯೇ ಸಡಿಲವಾಗಿದೆ. ಖರ್ಚು ಉಳಿಸಲು ನಮ್ಮ ಕೇಂದ್ರಗಳಲ್ಲಿ ಡಯಲೈಸರನ್ನು, ಎಂದರೆ ರಕ್ತ ಸೋಸುವ ಆ ಕೊಳವೆಯನ್ನು, ತೊಳೆದು ರೋಗಿಯ ಹೆಸರು ಬರೆದು ಎತ್ತಿಟ್ಟು ಮತ್ತೆ ಮತ್ತೆ ಬಳಸುವುದು ರೂಢಿ. ಪರವೂರಿಗೆ ಹೋದವರ ಕೊಳವೆ ಊರಿನ ಕಪಾಟಿನಲ್ಲೇ ಉಳಿಯುತ್ತದೆ. ಅಲ್ಲಿ ಹೊಸದಕ್ಕೆ ದುಡ್ಡು ಕೊಡಬೇಕು. ಕರ್ನಾಟಕ ಸರ್ಕಾರ ತನ್ನ ಕೇಂದ್ರಗಳಿಗೆ ಏಕಬಳಕೆಯ ಡಯಲೈಸರ್ ತಂದಿದೆ. ಸೋಂಕು ತಡೆಯಲೆಂದು ಮಾಡಿದ ಈ ಬದಲಾವಣೆ ಪ್ರಯಾಣಿಕರಿಗೂ ಅನುಕೂಲವೇ: ಎಲ್ಲಿ ಹೋದರೂ ಹೊಸ ಕೊಳವೆ, ಊರಿನ ಕಪಾಟಿನಲ್ಲಿ ಏನೂ ಉಳಿದಿರುವುದಿಲ್ಲ. ಇನ್ನುಳಿದದ್ದು ಕಾಗದ. ಒಂದೇ ಪುಟದ, ಎಲ್ಲ ಕೇಂದ್ರಗಳೂ ಒಪ್ಪುವ ಚೀಟಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಸೋಂಕಿನ ವರದಿ ಎಷ್ಟು ದಿನ ಹಳೆಯದಿರಬಹುದು ಎಂಬುದಕ್ಕೆ ರಾಜ್ಯಕ್ಕೆಲ್ಲ ಒಂದೇ ನಿಯಮ.

ಗಡಿಯ ಮಾತೂ ಬರಬೇಕು. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ಕರ್ನಾಟಕ ಕೇರಳದ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಿಂದ ಹಿಂದಿರುಗಬೇಕಾಯಿತು. ಆಸ್ಪತ್ರೆ ಮುಟ್ಟಲಾರದೆ ಕೆಲವರು ಸತ್ತರು, ವಿಷಯ ಕೇರಳ ಹೈಕೋರ್ಟಿನವರೆಗೂ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿನವರಲ್ಲಿ ಕನ್ನಡ ಮಾತಾಡುವ ಮನೆಗಳೆಷ್ಟೋ. ಮಣ್ಣಿನ ಗುಡ್ಡೆ ಆಮೇಲೆ ತೆಗೆದರು. ಆರೋಗ್ಯ ಯೋಜನೆಗಳ ಕಾರ್ಡಿನ ಗಡಿ ಮಾತ್ರ ಅಷ್ಟು ಸುಲಭವಾಗಿ ಕರಗಿಲ್ಲ. ರಾಜ್ಯದ ಕಾರ್ಡ್ ಹಿಡಿದು ಹೊರರಾಜ್ಯದ ಕೌಂಟರಿನ ಮುಂದೆ ನಿಂತವರಿಗೆ ಅದರ ಅನುಭವವಿದೆ.

ಹೊರದೇಶಗಳಲ್ಲಿ ಎಲ್ಲವೂ ಸಲೀಸು ಎಂದೇನೂ ಇಲ್ಲ. ಅಮೆರಿಕ 1972ರ ಕಾಯ್ದೆಯಲ್ಲೇ ಮೂತ್ರಪಿಂಡ ವೈಫಲ್ಯವನ್ನು ಮೆಡಿಕೇರ್ ವಿಮೆಗೆ ಸೇರಿಸಿತು, ಹಾಗಾಗಿ ಅಲ್ಲಿನ ರೋಗಿ ಬಾಸ್ಟನ್‌ನಿಂದ ಡಲ್ಲಾಸ್‌ಗೆ ಹೋದರೂ ವಿಮೆ ಹಿಂದೆಯೇ ಹೋಗುತ್ತದೆ. ಆದರೆ ಮಗನ ಮನೆಗೆ ಹೋದ ದಾವಣಗೆರೆಯ ತಂದೆಗೆ ಆ ವಿಮೆ ಇಲ್ಲ. ಒಂದೊಂದು ಸರದಿಗೂ ನೂರಾರು ಡಾಲರ್ ಕೈಯಿಂದ. ಬ್ರಿಟನ್ನಿನಲ್ಲಿರುವ ಕನ್ನಡಿಗರದು ಇನ್ನೊಂದು ಬಗೆಯ ತೊಡಕು. ತಾಯಿಯನ್ನು ನೋಡಲು ಊರಿಗೆ ಬಂದು, ಇಲ್ಲಿ ನಾಲ್ಕಾರು ಸರದಿ ಮಾಡಿಸಿಕೊಂಡು ಮರಳಿದರೆ, ಸೋಂಕಿನ ಅಪಾಯ ಹೆಚ್ಚಿರುವ ದೇಶದಿಂದ ಬಂದವರೆಂದು ಅಲ್ಲಿನ ಘಟಕ ಅವರನ್ನು ಕೆಲ ಕಾಲ ಬೇರೆ ಯಂತ್ರದಲ್ಲಿಟ್ಟು, ಪದೇ ಪದೇ ರಕ್ತಪರೀಕ್ಷೆ ಮಾಡುತ್ತದೆ. ಅವಮಾನ ಎನಿಸಬಹುದು. ನಮ್ಮ ಕೇಂದ್ರಗಳ ಶುಚಿತ್ವದ ಬಗ್ಗೆ ಜಗತ್ತು ಕೊಟ್ಟಿರುವ ಅಂಕಪಟ್ಟಿ ಅದು ಎಂದೂ ಓದಬಹುದು.

ಇಷ್ಟೆಲ್ಲದರ ನಡುವೆಯೂ ಓಡಾಡುವವರು ಓಡಾಡುತ್ತಾರೆ. ಹೈದರಾಬಾದಿನ ಕಮಲ್ ಶಾ 1997ರಿಂದ ಡಯಾಲಿಸಿಸ್ ಮೇಲಿದ್ದುಕೊಂಡೇ ಡಯಾಲಿಸಿಸ್ ಕೇಂದ್ರಗಳ ಸರಣಿಯೊಂದರ ಸಹಸಂಸ್ಥಾಪಕರಾದರು. ರೋಗಿ ಪ್ರವಾಸಕ್ಕೂ ಹೋಗಬೇಕು ಎನ್ನುವುದು ಆ ಸರಣಿ ಮೊದಲಿನಿಂದಲೂ ಆಡುತ್ತ ಬಂದ ಮಾತು. ಖಾಸಗಿ ಸರಣಿಗೆ ಒಂದು ಅನುಕೂಲವಿದೆ: ಒಂದೇ ಕಂಪನಿ, ಒಂದೇ ದಾಖಲೆ, ಊರು ಮಾತ್ರ ಬೇರೆ. ಸರ್ಕಾರದ ಬಳಿಯಂತೂ ಅದಕ್ಕಿಂತ ದೊಡ್ಡ ಸರಣಿಯೇ ಇದೆ. ಆದರೆ ಅದು ತನ್ನನ್ನು ಸರಣಿ ಎಂದುಕೊಂಡಿಲ್ಲ, ತಾಲ್ಲೂಕಿಗೊಂದು ದ್ವೀಪ ಎಂದುಕೊಂಡಿದೆ. ರೈಲ್ವೆಯವರು ಡಯಾಲಿಸಿಸ್‌ಗೆ ಹೋಗುವ ರೋಗಿಗೂ ಜೊತೆಗಾರರೊಬ್ಬರಿಗೂ ಟಿಕೆಟಿನಲ್ಲಿ ರಿಯಾಯಿತಿ ಕೊಡುತ್ತಾರೆ, ಒಳ್ಳೆಯದೇ. ಆ ನಿಯಮದ ಕಣ್ಣಿಗೂ ರೋಗಿ ಎಂದರೆ ಆಸ್ಪತ್ರೆಗೆ ಹೋಗುವವನು. ಮದುವೆಗೆ ಹೋಗುತ್ತ ನಡುವೆ ಆಸ್ಪತ್ರೆಗೂ ಹೋಗುವವನು ಯಾವ ಫಾರಂನಲ್ಲೂ ಇಲ್ಲ.

ಶಿವಮೊಗ್ಗದ ಮದುವೆಗೇ ಮರಳೋಣ. ಶನಿವಾರ ಬೆಳಗಿನ ಶಿಫ್ಟಿನಲ್ಲಿ ಸರದಿ ಮುಗಿಸಿ, ಕೈಗೆ ಬ್ಯಾಂಡೇಜು ಸುತ್ತಿಕೊಂಡು, ಮಧ್ಯಾಹ್ನ ಛತ್ರದ ಹಿಂದಿನ ಕೋಣೆಯಲ್ಲಿ ಎರಡು ಗಂಟೆ ಮಲಗಿದ್ದು ಎದ್ದರೆ ವರಪೂಜೆಗೆ ಸಮಯ ಸಾಕು. ಭಾನುವಾರ ಮಂಟಪದಲ್ಲಿ ಹುಡುಗಿಯ ಪಕ್ಕ ನಿಲ್ಲಬಹುದು. ಸೋಮವಾರ ಔತಣದ ಎಲೆಯಲ್ಲಿ ಪಾಯಸ ಒಂದೇ ಚಮಚ, ಬಾಳೆಹಣ್ಣು ಪಕ್ಕದವರ ಎಲೆಗೆ. ಮಂಗಳವಾರ ಬೆಳಿಗ್ಗೆ ಹಾಸನದಲ್ಲಿ ಮತ್ತೆ ಅದೇ ತಕ್ಕಡಿ, ಅದೇ ಹಾಸಿಗೆ. ಟೆಕ್ನಿಷಿಯನ್ ಕೈ ಹಿಡಿದು, ಹಳೆಯ ಗಂಟಿನ ಪಕ್ಕದ ಹೊಸ ಗುರುತನ್ನು ಹೆಬ್ಬೆರಳಿನಿಂದ ಸವರಿ ಕೇಳುತ್ತಾನೆ: ‘ಯಾರ್ ಸಾರ್ ಚುಚ್ಚಿದ್ದು? ಪರವಾಗಿಲ್ಲ, ಚೆನ್ನಾಗೇ ಚುಚ್ಚಿದಾರೆ.’